ಊಟದ ಚೀಟಿಗೆ ಹದಿನೆಂಟು ಬಿರುದು

“ನನ್ನ ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಕೇಳುವವರು ಎರಡು ಸಲ ಎಲೆಯಡಿಕೆ ಹಾಕಿಕೊಳ್ಳಬಹುದು, ಪ್ರಭು” ಎಂದು ನರಹರಿ ಶಾಸ್ತ್ರಿಗಳು ತುಂಬಿದ ಸಭೆಯಲ್ಲಿ ಜಂಭ ಕೊಚ್ಚಿಕೊಂಡರು.

ಹಾಲಗೊಂಡನದುರ್ಗದ ದೊರೆ ಹನುಮಪ್ಪ ನಾಯಕರಿಗೆ ಬಿರುದುಗಳೆಂದರೆ ಪ್ರಾಣ. ಯುದ್ಧಕ್ಕೆ ಹೋದದ್ದು ಒಂದೇ ಸಲ, ಅದೂ ಮಳೆ ಬಂದು ನಿಂತುಹೋಗಿತ್ತು. ಬಿರುದು ಮಾತ್ರ ಹದಿನೆಂಟು. ಅಷ್ಟನ್ನೂ ಪೋಣಿಸಿಕೊಟ್ಟವರು ಶಾಸ್ತ್ರಿಗಳು. ಹಾಗಾಗಿ ಅರಮನೆಯ ಬರವಣಿಗೆಯೆಲ್ಲ ಅವರ ಕೈಯಲ್ಲಿತ್ತು.

ಅವರ ನಿಯಮಗಳೂ ಬಲು ಬಿಗಿ. ಬಿರುದಾವಳಿಯಿಲ್ಲದೆ ಯಾವ ಓಲೆಯೂ ಶುರುವಾಗಕೂಡದು. ಕ್ರಿಯಾಪದ ಬರುವ ಹೊತ್ತಿಗೆ ಓದುವವನಿಗೆ ಕರ್ತೃಪದ ಮರೆತುಹೋಗಿರಬೇಕು. ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ತಿಳಿಯುವಂಥ ಮಾತು ಕಂಡರೆ ಕೂಡಲೇ ಹೊಡೆದುಹಾಕಬೇಕು.

ಆ ದಿನ ಅವರ ಕೈಗೆ ಸಿಕ್ಕಿಬಿದ್ದವನು ಕರಣಿಕ ಕರಿಬಸಪ್ಪ. ಹಿಂದಿನ ವಾರ ಊರ ಕೆರೆಯ ಏರಿ ಬಿರುಕು ಬಿಟ್ಟಾಗ ಆತ ಪಕ್ಕದ ಹಳ್ಳಿಗೆ ಬರೆದದ್ದು ಇಷ್ಟೇ: “ಕೆರೆ ಏರಿ ಬಿರಿದಿದೆ. ಐವತ್ತು ಜನ ಗುದ್ದಲಿ ಹಿಡಿದು ಈಗಲೇ ಬನ್ನಿ.” ಜನ ಬಂದರು, ಏರಿ ಉಳಿಯಿತು. ಆದರೆ ಓಲೆಯಲ್ಲಿ ದೊರೆಯ ಒಂದು ಬಿರುದೂ ಇರಲಿಲ್ಲ.

“ಇದನ್ನು ಬರವಣಿಗೆ ಅನ್ನುತ್ತಾರೆಯೇ, ಪ್ರಭು? ಇವನ ಲೇಖನಿ ಕಿತ್ತುಕೊಂಡು ಮನೆಗೆ ಕಳಿಸಿ” ಎಂದರು ಶಾಸ್ತ್ರಿಗಳು.

ಬಿರುದು ಬಿಟ್ಟದ್ದು ದೊರೆಗೂ ಒಳಗೊಳಗೇ ಚುಚ್ಚಿತ್ತು. “ಊಟವಾದ ಮೇಲೆ ತೀರ್ಪು ಹೇಳುತ್ತೇನೆ” ಎಂದರು. ಕರಿಬಸಪ್ಪನ ಮುಖ ಬಾಡಿತು. ಬರೆಯುವುದು ಬಿಟ್ಟು ಬೇರೆ ಕಸುಬು ಅವನಿಗೆ ಗೊತ್ತಿಲ್ಲ.

ವಿದೂಷಕ ಬೊಮ್ಮಣ್ಣನಿಗೆ ಇದು ಅನ್ಯಾಯವೆನಿಸಿತು. ಆದರೆ ಈ ಸಭೆಯಲ್ಲಿ ಸಿಟ್ಟು ತೋರಿಸಿದರೆ ಕೆಲಸ ಕೆಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಕೈಮುಗಿದು ಎದ್ದುನಿಂತ.

“ಶಾಸ್ತ್ರಿಗಳು ಹೇಳಿದ್ದು ನೂರಕ್ಕೆ ನೂರು ಸರಿ, ಪ್ರಭು. ಹಳ್ಳಿಗೆ ಹೋಗುವ ಓಲೆಗೇ ಇಷ್ಟು ಮರ್ಯಾದೆಯಾದರೆ ನಿಮ್ಮ ಅಡುಗೆಮನೆ ಏನು ಪಾಪ ಮಾಡಿದೆ? ದಿನಾ ‘ಅನ್ನ, ಸಾರು, ಬದನೆಕಾಯಿ ಪಲ್ಯ’ ಅಂತ ಬೋಳು ಚೀಟಿ ಹೋಗುತ್ತದೆ. ನೋಡಿ ನನಗೇ ನಾಚಿಕೆ. ಇವತ್ತಿನ ಚೀಟಿಯನ್ನು ಶಾಸ್ತ್ರಿಗಳೇ ಬರೆಯಲಿ.”

ದೊರೆ ಹಿಗ್ಗಿದರು. ಶಾಸ್ತ್ರಿಗಳು ಇನ್ನೂ ಹಿಗ್ಗಿದರು.

ಆ ಅರಮನೆಯಲ್ಲಿ ಚೀಟಿಯಿಲ್ಲದೆ ಒಲೆ ಉರಿಯುತ್ತಿರಲಿಲ್ಲ. ದೊರೆಯ ಅಜ್ಜನಿಗೆ ಯಾರೋ ವಿಷ ಹಾಕಲು ನೋಡಿದಂದಿನಿಂದ ಬಂದ ಪದ್ಧತಿ ಅದು. ಅಡುಗೆಯವನು ಚೀಟಿಯನ್ನು ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಬೇಕು. ತಿಳಿಯದ ಮಾತು ಬಂದರೆ ಬರೆದವರನ್ನೇ ಕೇಳಿ, ಮತ್ತೆ ಮೊದಲಿನಿಂದ ಓದಬೇಕು. ಆಮೇಲೆಯೇ ಒಲೆಗೆ ಬೆಂಕಿ. ದೊರೆ ಉಂಡು ಎದ್ದ ಮೇಲೆ ಆಸ್ಥಾನದವರಿಗೆ ಊಟದ ಎಲೆ.

ಶಾಸ್ತ್ರಿಗಳು ಬರೆದು ಮುಗಿಸುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಚೀಟಿ ಒಂದು ಕಟ್ಟಾಗಿತ್ತು. ಅಡುಗೆಯ ಗಣಪಯ್ಯ ಎರಡೂ ಕೈಯಲ್ಲಿ ಹೊತ್ತುಕೊಂಡು ಹೋದ. ತುಸು ಹೊತ್ತಿಗೇ ತಿರುಗಿ ಬಂದ.

“ಶಾಸ್ತ್ರಿಗಳೇ, ‘ಅರಿಭಯಂಕರ’ ಅಂತ ಇದೆ. ಅದನ್ನು ಹುರಿಯಬೇಕೋ, ಬೇಯಿಸಬೇಕೋ?”

“ಅದು ದೊರೆಗಳ ಬಿರುದು ಕಣಯ್ಯ.”

ಗಣಪಯ್ಯ ಹೋಗಿ ಮೊದಲಿನಿಂದ ಓದಿದ. ಮತ್ತೆ ಬಂದ.

“‘ಚಂದ್ರಕಿರಣವನ್ನು ನಾಚಿಸುವ ಧವಳಕಾಂತಿಯ ಶಾಲಿಧಾನ್ಯದ ಪರಿಪಕ್ವ ಸ್ವರೂಪ’ ಅಂದರೆ?”

“ಅನ್ನ.”

“ಎಷ್ಟು ಸೇರು ಅಂತ ಇಲ್ಲವಲ್ಲ?”

ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡರು. “ಅದನ್ನು ಬರೆಯಲು ಜಾಗ ಸಾಲಲಿಲ್ಲ.”

ಬೊಮ್ಮಣ್ಣ ನಗು ತಡೆಯಲು ಪೇಟದ ಸೆರಗು ಬಾಯಿಗೆ ಇಟ್ಟುಕೊಂಡ. ಬಿಸಿಲು ಇಳಿಯತೊಡಗಿತು. ದೊರೆಯ ಹೊಟ್ಟೆ ಸಭೆಗೆಲ್ಲ ಕೇಳುವ ಹಾಗೆ ಗುರುಗುಟ್ಟಿತು. ಶಾಸ್ತ್ರಿಗಳದೂ ಹಿಂದೆಯೇ ದನಿಗೂಡಿಸಿತು.

“ಗಣಪಯ್ಯ, ಈಗ ಎಲ್ಲಿಗೆ ಬಂತು?” ದೊರೆ ಕೂಗಿ ಕೇಳಿದರು.

“ಮತ್ತೆ ಮೊದಲಿನಿಂದ ಓದಿ ಒಂಬತ್ತನೆಯ ಬಿರುದಿಗೆ, ಪ್ರಭು” ಎನ್ನುತ್ತ ಗಣಪಯ್ಯ ಸಭೆಗೆ ಬಂದ.

“ಸಾಕು ಮಾರಾಯ, ಏನಾದರೂ ಬೇಯಿಸು.”

“ಬಾಯಿಮಾತಿಗೆ ಒಲೆ ಹಚ್ಚಬಾರದು ಅಂತ ನಿಮ್ಮ ಅಜ್ಜನವರ ಅಪ್ಪಣೆ” ಎಂದು ಬೊಮ್ಮಣ್ಣ ಮೆತ್ತಗೆ ನೆನಪಿಸಿದ. “ಶಾಸ್ತ್ರಿಗಳು ಬೇರೆ ಚೀಟಿ ಬರೆದರೆ ಆದೀತು.”

ದೊರೆ ಹೂಂ ಅನ್ನುವ ಮೊದಲೇ ಶಾಸ್ತ್ರಿಗಳು ಲೇಖನಿ ಎಳೆದುಕೊಂಡು ಗೀಚಿಕೊಟ್ಟರು. ಗಣಪಯ್ಯ ನಿಂತಲ್ಲೇ ಓದಿದ: “ಅನ್ನ ಮೂರು ಸೇರು. ಸಾರು. ಬೇಗ.” ಓದಿದವನೇ ಅಡುಗೆಮನೆಗೆ ಓಡಿದ.

ದೊರೆ ಶಾಸ್ತ್ರಿಗಳತ್ತ ತಿರುಗಿದರು. “ನನ್ನ ಬಿರುದು ಎಲ್ಲಿ ಹೋದವು?”

“ಪ್ರಭು, ಹಸಿವು...” ಶಾಸ್ತ್ರಿಗಳು ತಲೆ ತಗ್ಗಿಸಿದರು.

“ಹಾಗಾದರೆ ಚೆನ್ನಾಗಿ ಬರೆಯುವುದು ಹೇಗೆ? ನೀನಾದರೂ ಹೇಳು ಬೊಮ್ಮಣ್ಣ.”

“ಹಸಿದವನು ಅಡುಗೆಮನೆಗೆ ಬರೆದ ಹಾಗೆ, ಪ್ರಭು. ಕರಿಬಸಪ್ಪ ಬರೆದದ್ದೂ ಹಾಗೆಯೇ. ಆ ಓಲೆಯನ್ನು ಶಾಸ್ತ್ರಿಗಳು ಬರೆದಿದ್ದರೆ, ಒಂಬತ್ತನೆಯ ಬಿರುದು ಮುಗಿಯುವಷ್ಟರಲ್ಲಿ ಕೆರೆ ತಾನೇ ಅರಮನೆಯೊಳಕ್ಕೆ ಬಂದು ಉಳಿದದ್ದನ್ನು ಓದಿಕೊಳ್ಳುತ್ತಿತ್ತು.”

ದೊರೆ ಖಾಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಿಬಸಪ್ಪನ ಲೇಖನಿ ಅವನಲ್ಲೇ ಉಳಿಯಿತು, ಮೇಲೊಂದು ಶಾಲು ಬಂತು. ಶಾಸ್ತ್ರಿಗಳಿಗೂ ಕೆಲಸ ತಪ್ಪಲಿಲ್ಲ. ದಿನಾ ಊಟವಾದ ಮೇಲೆ ಅವರು ಬಿರುದಾವಳಿ ಓದುತ್ತಾರೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ದೊರೆಗೆ ಸೊಗಸಾದ ನಿದ್ದೆ.