ಅರ್ಧಕ್ಕೆ ನಿಂತ ಪ್ರಬಂಧ

ಸೊಸೆಯ ಜಾಣತನವನ್ನು ಅತ್ತೆಯೇ ಬರೆದಿಡಬೇಕು, ಉಳಿದವರು ಮರೆಯುತ್ತಾರೆ.

ನನ್ನ ಸೊಸೆ ವಾರಿಜ ಬಿ.ಎಡ್. ಪ್ರವೇಶ ಪರೀಕ್ಷೆಗೆ ಕೂತಿದ್ದಳು. ಅರ್ಧ ಗಂಟೆಯಲ್ಲಿ ಬರೆಯಬೇಕಾದ ಪ್ರಬಂಧ: ‘ಆಪತ್ತಿನಲ್ಲಿ ಉಪಾಯ’. “ರಾಜರ ಉದಾಹರಣೆಯನ್ನೇ ಕೊಡಿ. ಅಡುಗೆಮನೆ ಕಥೆ ಬರೆದರೆ ಸೀಟು ಹೋಯಿತು ಅಂತಲೇ ತಿಳಿಯಿರಿ” ಎಂದು ಕೋಚಿಂಗ್ ಮೇಷ್ಟ್ರು ಗುಡುಗಿದ್ದರು. ಎಲ್ಲರೂ ಕೋಟೆ ಕಾದ ರಾಜನನ್ನೇ ಬರೆದರು.

ವಾರಿಜ ನಮ್ಮ ಮನೆಯ ಮದುವೆಯೂಟವನ್ನು ಬರೆದಳು. ಅಂದು ಬೀಗರ ಪಂಕ್ತಿ ಕೂತಾಗ ಅನ್ನ ಮುಗಿದಿತ್ತು. ನಮ್ಮ ಕಡೆ ಪಂಕ್ತಿಯಲ್ಲಿ ಯಾರಾದರೂ ಹಾಡಿದರೆ, ಹಾಡು ಮುಗಿಯುವ ತನಕ ಬಡಿಸುವಂತಿಲ್ಲ. ನಾನು ಬೀಗರ ಚಿಕ್ಕಪ್ಪನಿಗೆ “ಒಂದು ಹಾಡು ಹೇಳಿ” ಎಂದು ಕೈಮುಗಿದು ಬಂದು, ಒಲೆಯ ಮೇಲೆ ಹೊಸ ಹಂಡೆ ಏರಿಸಿದೆ. ಪ್ರಬಂಧ ಅಲ್ಲಿಗೇ ನಿಂತಿತ್ತು.

ಸಂದರ್ಶನದಲ್ಲಿ ಪ್ರಾಂಶುಪಾಲರು ಹುಬ್ಬೇರಿಸಿದರು. “ಏನಮ್ಮ, ರಾಜನಿಲ್ಲ, ಕೋಟೆಯಿಲ್ಲ, ಕೊನೆಯೂ ಇಲ್ಲ! ಇದಕ್ಕೆ ಸೀಟು ಕೊಡಬೇಕೇ?”

“ಹೊತ್ತು ಮುಗಿಯಿತು ಸರ್. ಉಳಿದ ಪ್ರಬಂಧಗಳಲ್ಲಿ ಯಾವುದರ ಕೊನೆ ನಿಮಗೆ ಮೊದಲೇ ಗೊತ್ತಿರಲಿಲ್ಲ, ಹೇಳಿ?”

ಅವರು ಯೋಚಿಸಿದರು, ನಕ್ಕರು, ಸಹಿ ಹಾಕಿದರು. “ಸೀಟು ನಿನ್ನದು. ಈಗಲಾದರೂ ಹೇಳಮ್ಮ, ಅನ್ನ ಬೆಂದಿತೇ?”

“ಬೆಂದಿತು ಸರ್. ಹಾಡು ಮುಗಿಯುವ ಹೊತ್ತಿಗೆ ತಣ್ಣಗೂ ಆಗಿತ್ತು.”