ಮೊದಲು ಅಳಿಸಿದ ನೆರಳು

"ಮೇಷ್ಟ್ರೇ, ಇನ್ನೊಬ್ಬರ ಕೆಲಸದಾಗೆ ತಪ್ಪು ಹಿಡಿಯೋದು ಹೆಂಗೆ, ಹೇಳ್ಕೊಡಿ" ಅಂತ ಓಬಳೇಶ ಕೇಳ್ದ.

ತಿಪ್ಪಯ್ಯ ಮೇಷ್ಟ್ರು ಸ್ಟುಡಿಯೋ ಬಾಗಿಲಲ್ಲಿ ಎಲೆಅಡಿಕೆ ಹಾಕ್ಕಂಡು ಕೂತಿದ್ರು. ಕಂಪ್ಯೂಟರಲ್ಲಿ ಫೋಟೋ ತಿದ್ದೋದು ಕಲಿಯೋಕೆ ಅವರತ್ರ ಇಬ್ಬರು ಇದ್ರು. ಓಬಳೇಶ ಮೊದಲು ಬಂದೋನು, ಜಬೀನಾ ಆಮೇಲೆ ಬಂದೋಳು. ಅವತ್ತು ಬೆಳಿಗ್ಗೆ ಮೇಷ್ಟ್ರು ಅಂಗಡಿ ಮುಂದಿನ ಗಾಜಿನಾಗೆ ಇದ್ದ ಓಬಳೇಶ ತಿದ್ದಿದ ಫೋಟೋ ತೆಗೆದು ಜಬೀನಾ ತಿದ್ದಿದ್ದು ಇಟ್ಟಿದ್ರು.

"ಯಾರ ತಪ್ಪು ಹಿಡೀಬೇಕಪ್ಪ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋನು ಬೆಳಿಗ್ಗೆಯಿಂದ ಆ ಗಾಜಿಗೆ ಮೂಗು ಯಾಕೆ ಉಜ್ಜುತಿದ್ದೆ? ಕೂತ್ಕ. ನಾನು ಓದಿದ್ದು ಮೂರನೇ ಕ್ಲಾಸು. ಆದ್ರೂ ನೆರಳಿನ ವಿಚಾರಕ್ಕೆ ನನ್ನ ಮುಂದೆ ನಿಂತು ಮಾತಾಡೋನು ಈ ಸೀಮೆಯಾಗೆ ಇನ್ನೂ ಹುಟ್ಟಿಲ್ಲ. ಕತೆ ಹೇಳ್ತೀನಿ, ಕೇಳು."

ಒಂದು ಪೇಟೆಯಾಗೆ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಎದುರಿಗೇ ಒಬ್ಬ ಹೆಣ್ಣುಮಗಳು ಅಂಗಡಿ ಇಟ್ಲು. ಅವಳು ಫೋಟೋ ತೆಗೀತಿರ್ಲಿಲ್ಲ, ಬೇರೆಯೋರು ತೆಗೆದಿದ್ದನ್ನ ತಿದ್ದಿ ಕೊಡ್ತಿದ್ಲು. ಸತ್ತೋರೂ ಎದ್ದು ಬಂದಂಗೆ ಕಾಣ್ತಾರೆ ಅಂತ ಜನ ಆಡ್ಕಳೋರು. ಆ ಮಾತು ಕಿವಿಗೆ ಬಿದ್ದಾಗೆಲ್ಲ ಫೋಟೋಗ್ರಾಫರ್ ಸುಣ್ಣದ ಕಲ್ಲಿಗೆ ನೀರು ಹೊಯ್ದಂಗೆ ಕುದಿಯೋನು. "ಕಾಫಿ ಆಯ್ತಾ ಅಣ್ಣ?" ಅಂತ ಅವಳು ಕೇಳಿದ್ರೆ ಇವನು ತನ್ನ ಅಂಗಡಿ ಶಟರ್ ಕಡೆಗೆ ತಿರುಗ್ಕಳೋನು.

ಒಂದು ಮದುವೆ ಆಯ್ತು. ಸಂಜೆ ಬಿಸಿಲಲ್ಲಿ ಮನೆಮಂದಿನೆಲ್ಲ ನಿಲ್ಲಿಸಿ ಇವನೇ ಫೋಟೋ ಹೊಡೆದ. ಮದುಮಗಳ ತಂದೆ ಹಿಂದಿನ ವರ್ಷ ತೀರ್ಕಂಡಿದ್ದ. ತಾಯಿ ತನ್ನ ಮಗ್ಗುಲಲ್ಲಿ ಒಂದಾಳು ಜಾಗ ಬಿಟ್ಟು ನಿಂತಿದ್ಲು. "ಅವ್ರನ್ನ ಇಲ್ಲಿ ನಿಲ್ಲಿಸಪ್ಪ" ಅಂದ್ಲು.

ಇವನು ಹಳೇ ಫೋಟೋದಿಂದ ಆ ಮನುಷ್ಯನ್ನ ಕತ್ತರಿಸಿ ತಂದು ನಿಲ್ಲಿಸ್ದ. ಹಿಂದೊಮ್ಮೆ ಬೇರೆ ಫೋಟೋಗೆ ಅಂತ ಮಾಡಿಟ್ಟಿದ್ದ ನೆರಳೊಂದಿತ್ತು, ಅದನ್ನ ಕಾಲಡಿಗೆ ಅಂಟಿಸ್ದ. ತಾಯಿ ನೋಡಿದ್ಲು. "ನಮಗೆಲ್ಲ ಬಿಸಿಲು ಮುಖಕ್ಕೆ ಹೊಡೀತೈತೆ, ಕಣ್ಣು ಕಿರಿದು ಮಾಡ್ಕಂಡಿದೀವಿ. ಇವರ ನೆರಳು ಮಾತ್ರ ಮುಂದಕ್ಕೆ ಬಿದ್ದೈತೆ. ಇವ್ರು ನಮ್ಮ ಜೊತೆ ನಿಂತಿಲ್ಲ ಕಣಪ್ಪ." ಹಂಗಂದು, ಅವನು ಮೊದಲು ತೆಗೆದಿದ್ದ, ಏನೂ ತಿದ್ದದೇ ಇದ್ದ ಫೋಟೋನೇ ಇಸ್ಕಂಡು ಎದುರಿನ ಅಂಗಡಿಗೆ ಹೋದ್ಲು.

ಬೀಗರ ಊಟದ ದಿನ ಆ ಮನೆ ಗೋಡೆ ಮೇಲೆ ಅವಳು ತಿದ್ದಿದ ಫೋಟೋ ಇತ್ತು. ಫೋಟೋಗ್ರಾಫರ್ ಊಟಕ್ಕೆ ಅಂತ ಹೋಗಿರ್ಲಿಲ್ಲ, ತಪ್ಪು ಹಿಡಿಯೋಕೆ ಹೋಗಿದ್ದ. ಎಲೆ ಮೇಲೆ ಅನ್ನ ಆರ್ತಿತ್ತು. ಇವನ ಕಣ್ಣು ಸತ್ತೋನ ಕಾಲಡಿಗೆ ನೆಟ್ಟಿತ್ತು. ನೆರಳಿನ ದಿಕ್ಕು ನೋಡ್ದ, ಕಪ್ಪು ನೋಡ್ದ, ಅಂಚು ನೋಡ್ದ. ಒಂದು ಎಳ್ಳಷ್ಟು ತಪ್ಪು ಸಿಕ್ಕಿದ್ರೆ ಒಬ್ಬಟ್ಟು ಗಂಟಲಿಗೆ ಇಳಿಯೋದು. ಸಿಗಲಿಲ್ಲ.

ಅಷ್ಟೊತ್ತಿಗೆ ತಾಯಿ ಬಂದು ಸೆರಗಿನಾಗೆ ಆ ಫೋಟೋದ ಗಾಜು ಒರೆಸಿದ್ಲು. "ಎಷ್ಟೊತ್ತಿಂದ ಬಿಸಿಲಲ್ಲಿ ನಿಂತವ್ರೆ ನೋಡು, ಒಂದು ಲೋಟ ಮಜ್ಜಿಗೆ ಕೊಡಾನ ಅನ್ನಿಸ್ತೈತೆ" ಅಂತ ಬೀಗಿತ್ತಿಗೆ ಹೇಳಿ ನಕ್ಕಳು. ಫೋಟೋಗ್ರಾಫರ್ ಎಲೆ ಮಡಚಿ ಎದ್ದ.

ನೆಟ್ಟಗೆ ಅವಳ ಅಂಗಡಿಗೆ ಹೋದ. "ಆ ನೆರಳು ಎಲ್ಲಿಂದ ಕದ್ದೆ?" ಅಂದ.

"ಕದಿಯೋದ್ಯಾಕಣ್ಣ, ನಿಮ್ಮ ಫೋಟೋದಾಗೇ ಇತ್ತಲ್ಲ" ಅಂದು ಅವಳು ಆ ಮೊದಲಿನ ಫೋಟೋ ತೆರೆದ್ಲು.

ಫೋಟೋದ ಕೆಳಗಡೆ ಒಂದು ನೆರಳು ಉದ್ದಕ್ಕೆ ಮಲಗಿತ್ತು. ಒಂದು ತಲೆ, ಎತ್ತಿದ ಎರಡು ಮೊಳಕೈ. ಕ್ಯಾಮೆರಾ ಹಿಡಿದು ನಿಂತ ಇವನದೇ ನೆರಳು. ಸೂರ್ಯ ಇವನ ಬೆನ್ನಿಗಿದ್ದ.

"ನಿಂತೋರ ನೆರಳೆಲ್ಲ ಒಬ್ಬರ ಮೇಲೊಬ್ಬರದು ಬಿದ್ದು ಗೋಜಲಾಗಿತ್ತು. ಒಂಟಿಯಾಗಿ, ಚೊಕ್ಕವಾಗಿ ಬಿದ್ದಿದ್ದು ನಿಮ್ಮದೊಂದೇ. ಅದು ಎತ್ತ ವಾಲೈತೆ, ಎಷ್ಟು ಕಪ್ಪೈತೆ, ತಲೆ ಹತ್ರ ಎಷ್ಟು ಮಸುಕೈತೆ ಅಂತ ನೋಡ್ಕಂಡು ಯಜಮಾನ್ರಿಗೆ ಹಂಗೇ ಹಾಕ್ದೆ. ಎಲ್ಲ ಮುಗಿದ ಮೇಲೆ ನಿಮ್ದನ್ನ ಅಳಿಸ್ದೆ. ನೀವು ಏನ್ ಮಾಡಿದ್ರಿ ಅಣ್ಣ?"

ಫೋಟೋಗ್ರಾಫರ್‌ಗೆ ನೆನಪಿತ್ತು. ಫೋಟೋ ತೆಗೆದೋನ ನೆರಳು ಫೋಟೋದಾಗೆ ಬಿದ್ರೆ ಜನ ನಗ್ತಾರೆ ಅಂತ, ಕೆಲಸಕ್ಕೆ ಕೂತ ತಕ್ಷಣ ಅವನು ಮೊದಲು ಒರೆಸಿ ಹಾಕಿದ್ದೇ ಅದನ್ನ.

ಮೇಷ್ಟ್ರು ಎಲೆಅಡಿಕೆ ಉಗುಳಿ ಬಂದು ಕೂತ್ರು.

"ಆಮೇಲೆ ಅವನು ಏನ್ ಮಾಡ್ದ?" ಅಂತ ಓಬಳೇಶ ಕೇಳ್ದ. ಅವನ ಕಣ್ಣು ಇನ್ನೂ ಆ ಗಾಜಿನ ಕಡೆಗೇ ಇತ್ತು.

"ಅವನ ಕತೆ ಮುಗೀತು. ಗಾಜಿನಿಂದ ತೆಗೆದೆನಲ್ಲ ನಿನ್ನ ಫೋಟೋ, ಅದ್ರಾಗೆ ನೀನು ಮೊದಲು ಅಳಿಸಿದ್ದೇನು, ಅದನ್ನ ಹೇಳು."