ಪಾದೋದಕ ಕುಡಿಯೂ ಕಲ್ಲು

ಇದು ಖರೆ ನಡದ ಮಾತು. ಹಣಿಗಿ ಹಚ್ಚಿದ ವಿಭೂತಿ ಮ್ಯಾಲ ಆಣಿ. ಸುಳ್ಳು ಅಂದವ ಹೊಳಿದಂಡಿ ಊರಿಗಿ ಬರಲಿ, ಅಡಿವೆಪ್ಪನ ಪಡಸಾಲ್ಯಾಗ ಒಮ್ಮೆ ಬರಿಗಾಲಾಗ ನಿಂತು ನೋಡಲಿ, ಆಮ್ಯಾಲ ಬಾಯಿ ತಗೀಲಿ.

ಹೊಳಿದಂಡಿಗಿ ಒಂದು ಮಠ. ಮಠದಾಗ ಒಬ್ಬರು ಅಜ್ಜಾರು. ಮಾತು ಕಡಿಮಿ, ಕಣ್ಣು ಚುರುಕು. ಅವರಿಗಿ ಶಿಷ್ಯರು ಭಾಳ ಮಂದಿ. ಎಲ್ಲಾರಕಿಂತ ಮುಂದ ಕುಂದರಾವ ಅಡಿವೆಪ್ಪ. ಸನ್ಯಾಸಿ ಅಲ್ಲ, ಹೊಲಾ ಮನಿ ಹೇಂತಿ ಇದ್ದ ಸಂಸಾರಸ್ಥ.

ಅವನಂಥಾ ಮನಿ ಸುತ್ತಲಿನ ಹಳ್ಳ್ಯಾಗ ಇರಲಿಲ್ಲ. ಗೌಡರ ಮನ್ಯಾಗೂ ಸಗಣಿ ಸಾರಿಸಿದ ನೆಲ ಇದ್ದ ಕಾಲದಾಗ ಅಡಿವೆಪ್ಪನ ಮುತ್ಯಾ ಪಡಸಾಲಿಗಿ ಕರೀಕಲ್ಲು ಹಾಸಿದ್ದ. ನಡುವಿನ ಕಲ್ಲು ಎಂಥಾದ್ದು ಅಂತೀರಿ? ಒಂದು ಮಂಚ ಹಾಕೂವಷ್ಟು ಅಗಲ. ಬಗ್ಗಿ ನೋಡಿದ್ರ ಮೀಸಿ ಕಾಣತಿತ್ತು. ಆ ಕಲ್ಲು ತರೂವಾಗ ಎತ್ತು ಹೊಳ್ಯಾಗ ಸೋತು ಕುಂತ್ವು. ಮುತ್ಯಾ ಎತ್ತು ಬಿಚ್ಚಿ, ನೊಗಕ್ಕ ತನ್ನ ಹೆಗಲ ಕೊಟ್ಟು ದಂಡಿಗಿ ಎಳದ. ಅಂಥಾ ಮಂದಿ ಅವರು. ಈಗಿನವರು ನೀರಿನ ಕೊಡ ಹೊತ್ರ ತೇಕತಾರ.

ಕಲ್ಲಿನ ತಳಗ ಹಗೇವು. ನೆಲದಾಗ ತೋಡಿ ಜ್ವಾಳ ತುಂಬೂ ಗುಂಡಿ. ಗಡಿಗಿ ಇದ್ದಂಗ, ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಬಾಯಿ ಪಡಸಾಲಿ ಮೂಲ್ಯಾಗ, ಹೊಟ್ಟಿ ನಡುಕಲ್ಲಿನ ತಳತನಕ. ಸುಗ್ಗಿ ಮುಗದಮ್ಯಾಲ ತುಂಬಿ, ಬಾಯಿಗಿ ಕಲ್ಲಿಟ್ಟು ಮಣ್ಣು ಮೆತ್ತಿದ್ರ, ತಗಿಯೂದು ಶ್ರಾವಣಕ್ಕ.

ಯಾಕಂದ್ರ ಆ ಜ್ವಾಳ ಮಠದ್ದು. ಶ್ರಾವಣ ಪೂರಾ ಮಠಕ್ಕ ಬಂದವರಿಗೆಲ್ಲಾ ರೊಟ್ಟಿ. ಆ ರೊಟ್ಟಿ ಜ್ವಾಳ ಮುತ್ಯಾನ ಕಾಲದಿಂದ ಈ ಮನೀದು. ಪ್ಲೇಗು ಬಂದು ಊರಿಗೂರ ಗುಡಿಸಲಾ ಹಾಕ್ಕೊಂಡು ಅಡವ್ಯಾಗ ಇದ್ದಾಗೂ ತಪ್ಪಿರಲಿಲ್ಲ. ಊರಾಗ ಯಾರ ಮನಿ ದೊಡ್ಡದು ಅಂತ ಜಗಳಾ ಬಂದ್ರ ಅಡಿವೆಪ್ಪ ಎರಡ ಮಾತಾಡಾವ: "ಶ್ರಾವಣದಾಗ ಯಾರ ಜ್ವಾಳ ತಿಂತೀರಿ?" ಜಗಳಾ ಅಲ್ಲಿಗಿ ಮುಗೀತಿತ್ತು.

ಸೋಮವಾರಕ್ಕೊಮ್ಮೆ ಅಜ್ಜಾರು ಜೋಳಗಿ ಹಾಕ್ಕೊಂಡು ಭಿಕ್ಷಾಕ್ಕ ಬರತಿದ್ರು. ಅಡಿವೆಪ್ಪ ಅವರನ್ನ ನಡುಕಲ್ಲಿನ ಮ್ಯಾಲ ನಿಲ್ಲಿಸಿ, ತಂಬಿಗಿಲೆ ಪಾದ ತೊಳಿತಿದ್ದ. ಪಾದೋದಕ ತಲಿಗಿ ಹಚ್ಚಿಕೊಂಡು ಉಳದದ್ದನ್ನ ಅವನ ಹೇಂತಿ ಬಾಳವ್ವ ಅರಿವಿಲೆ ಒರಸತಿದ್ಲು.

ಒಂದು ಸೋಮವಾರ ಬಾಳವ್ವ ಅರಿವಿ ತಗೊಂಡು ಬಂದ್ರ ಒರಸಾಕ ನೀರ ಇಲ್ಲ.

ಕಲ್ಲಿನ ನಡುವ ಕೂದಲೆಳಿಯಂಥಾ ಬಿರಕು. ನೀರು ಅದರಾಗ ಇಳದು ಹೋಗಿತ್ತು.

ಬಾಳವ್ವ ಕಲ್ಲು ಕಟ್ಟೂ ಗೌಂಡಿನ್ನ ಕರಸ್ರಿ ಅಂದ್ಲು. ಈಗಾದ್ರ ಒಂದು ಬುಟ್ಟಿ ಗಚ್ಚು, ಒಂದು ಮುಂಜಾನಿ ಕೆಲಸ, ಬಿಟ್ರ ಬೆಳಿತೈತಿ ಅಂದ್ಲು.

ಅಡಿವೆಪ್ಪ ಆಕಿನ್ನ ಹುಚ್ಚಿ ಅಂದ. ಬಿರಕು ಬಿಡೂದು ಮಂದಿ ಮನೀ ಕಲ್ಲು. ಮುತ್ಯಾ ಹೆಗಲ ಮ್ಯಾಲ ತಂದ ಕಲ್ಲು ಗುರುವಿನ ಪಾದೋದಕ ಕುಡಿಯಾಕ ಬಾಯಿ ತಗದೈತಿ, ಅದಕ್ಕ ಗಚ್ಚು ತುರುಕಿದ್ರ ಪಾಪ ಹತ್ತತೈತಿ ಅಂತ ಹೇಳಿದ.

ಸಂಜಿಗಿ ಊರಿಗೆಲ್ಲಾ ಗೊತ್ತಾತು. ಮಂದಿ ಕಲ್ಲು ನೋಡಾಕ ಬಂದ್ರು. ಅಡಿವೆಪ್ಪ ಒಬ್ಬೊಬ್ಬರ ಮುಂದೂ ಒಂದೊಂದು ತಂಬಿಗಿ ನೀರು ಹಾಕಿ ತೋರಿಸಿದ. ಬಾಜೂ ಮನಿ ಸಕ್ರೆಪ್ಪನೂ ಬಂದ. ಕಡ್ಡಿ ಹಂಗ ಇದ್ದಾವ, ನಾಲಿಗಿ ಮಾತ್ರ ಕುಡಗೋಲು.

"ಪಾದೋದಕ ಆತು," ಅಂದ ಸಕ್ರೆಪ್ಪ. "ಊಟಕ್ಕ ಏನ ಹಾಕ್ತಿ ಅಡಿವೆಪ್ಪಣ್ಣ ಇದಕ್ಕ?"

ಸಗಣಿ ನೆಲದ ಮ್ಯಾಲ ಹುಟ್ಟಿದವರಿಗಿ ಕಲ್ಲಿನ ಭಕ್ತಿ ತಿಳಿಯಂಗಿಲ್ಲ ಅಂತ ಅಡಿವೆಪ್ಪ ಅವನ್ನ ಹೊರಗ ಕಳಿಸಿದ.

ಮುಂದಿನ ಸೋಮವಾರ ಅಜ್ಜಾರು ಬಂದ್ರು. ಅಡಿವೆಪ್ಪ ಪಾದ ತೊಳದು ಕಲ್ಲು ತೋರಿಸಿದ.

"ನೋಡ್ರಿ ಅಜ್ಜಾರ. ಒಂದ ಹನಿ ಬಿಡಂಗಿಲ್ಲ."

ಅಜ್ಜಾರು ಬಗ್ಗಿ ನೋಡಿದ್ರು. "ಕುಡದದ್ದು ಎಲ್ಲಿ ಹೋಗತೈತಿ?"

"ಭೂಮಿತಾಯಿ ಹೊಟ್ಟಿಗಿ ಹೋಗತೈತ್ರಿ."

"ಆಕಿ ಹೊಟ್ಟ್ಯಾಗ ಏನೈತಿ?"

ಇಂಥಾ ಪ್ರಶ್ನಿ ಸಲುವಾಗಿನ ಅಡಿವೆಪ್ಪ ವರ್ಷಗಟ್ಟಲೆ ಕಾದಿದ್ದ. ಎದಿ ಉಬ್ಬಿಸಿ ನಿಂತ. ಹುಟ್ಟೂದೂ ಆಕಿ ಹೊಟ್ಟ್ಯಾಗ, ಹೋಗೂದೂ ಆಕಿ ಹೊಟ್ಟ್ಯಾಗ, ನಡುವ ನಾನು ನಂದು ಅನ್ನೂದೆಲ್ಲಾ ಬರೇ ಗಾಳಿ ಅಂತ ಶುರು ಮಾಡಿ, ಬಯಲು, ಬ್ರಹ್ಮಾಂಡ, ಎಲ್ಲಾ ಸುತ್ತಿ ಬಂದ. ಬಾಗಲದಾಗ ನಿಂತ ಮಂದಿ ತಲಿ ಅಲ್ಲಾಡಿಸಿದ್ರು. ಹೊಟ್ಟ್ಯಾಗ ಜ್ವಾಳ ಐತಿ ಅನ್ನೂದೊಂದು ಅವನ ಬಾಯಾಗ ಬರಲಿಲ್ಲ.

ಅಜ್ಜಾರು ಪೂರಾ ಕೇಳಿದ್ರು.

"ಅಡಿವೆಪ್ಪ," ಅಂದ್ರು, "ನಾ ಅಷ್ಟು ದೊಡ್ಡದು ಕೇಳಿರಲಿಲ್ಲ."

ಅಡಿವೆಪ್ಪ ಅದನ್ನ ಹೊಗಳಿಕಿ ಅಂತ ತಿಳಕೊಂಡ.

ಅದರ ಮುಂದಿನ ಸೋಮವಾರ ಅಜ್ಜಾರು ಹೊಳಿದಂಡಿ ಜಿಗಟು ಮಣ್ಣು ಒಂದು ಹಿಡಿ ಹಿಡಕೊಂಡು ಬಂದ್ರು. ಕಾಲು ಬೀದ್ಯಾಗ ತಾವ ತೊಳಕೊಂಡ್ರು. ಪಡಸಾಲಿಗಿ ಬಂದು ಕುಕ್ಕರಗಾಲಾಗ ಕುಂತು, ಬಿರಕಿನ ಉದ್ದಕ್ಕ ಹೆಬ್ಬಟ್ಟಿಲೆ ಮಣ್ಣು ಒತ್ತಿ ಒತ್ತಿ ತುಂಬಿದ್ರು.

ಎದ್ದು ಹೋಗೂವಾಗ, "ಇದು ಇರಲಿ," ಅಂದ್ರು. ಅಷ್ಟ.

ಅಡಿವೆಪ್ಪನ ಕಣ್ಣಾಗ ನೀರು ಬಂತು. ಗುರು ತನ್ನ ಕೈಲೆ ಕೊಟ್ಟ ಮಣ್ಣು. ಅದು ತುಳದಾಡೂ ಜಾಗಾದಾಗ ಇರಬಹುದೇನು? ಡಬ್ಬಣ ತಗೊಂಡು ಒಂದು ಚೂರೂ ಬಿಡದಂಗ ಕೆದರಿ ತಗದ. ರೇಷ್ಮಿ ಅರಿವ್ಯಾಗ ಗಂಟು ಕಟ್ಟಿ ದೇವರ ಜಗಲಿ ಮ್ಯಾಲ ಇಟ್ಟ.

"ಇರಲಿ ಅಂದಿದ್ರಲ್ರಿ ಅಜ್ಜಾರು," ಅಂದ್ಲು ಬಾಳವ್ವ.

"ಇರತೈತಿ. ಜಗಲಿ ಮ್ಯಾಲ."

ಕೆದರಿದ್ದಕ್ಕ ಬಿರಕಿನ ಅಂಚು ಉದುರಿತ್ತು. ಕೂದಲೆಳಿ ಇದ್ದದ್ದು ಈಗ ಕಡ್ಡಿ ಹೋಗೂವಷ್ಟು ಆತು.

ಅಷ್ಟರಾಗ ಅಜ್ಜಾರು ದೇಶಾಂತರ ಹೊಂಟ್ರು. ಶ್ರಾವಣಕ್ಕ ಬರತೀನಿ ಅಂತ ಹೇಳಿ ಹೊಳಿ ದಾಟಿದ್ರು. ಅಡಿವೆಪ್ಪ ಕಾಡಿ ಬೇಡಿ ಅವರ ಕಟಗಿ ಹಾವುಗಿ ಇಸಗೊಂಡಿದ್ದ. ಪಾದ ಇಲ್ಲದಿದ್ರ ಹಾವುಗಿ. ಸೋಮವಾರ ಸೋಮವಾರ ಅವನ್ನ ನಡುಕಲ್ಲಿನ ಮ್ಯಾಲ ಇಟ್ಟು ನೀರು ಹಾಕಾಕ ಹತ್ತಿದ. ಮೊದಲ ತಂಬಿಗಿ, ಆಮ್ಯಾಲ ಕೊಡ. ನೋಡಾಕ ಬಂದವರೂ ತಮ್ಮ ತಮ್ಮ ಮನಿಂದ ಕೊಡ ತಂದ್ರು. ಕಲ್ಲು ಎಲ್ಲಾ ಕುಡೀತು. ಹಂಗ ಕುಡಿಯೂ ಕಲ್ಲು ಈ ಸೀಮ್ಯಾಗ ಯಾರೂ ಕಂಡಿರಲಿಲ್ಲ, ಅದು ಮಾತ್ರ ಖರೆ.

ಬರಬರತ ಕಲ್ಲು ಅಲ್ಲಾಡಾಕ ಹತ್ತಿತು. ಒಂದು ಮೂಲಿ ತುಳದ್ರ ಇನ್ನೊಂದು ಮೂಲಿ ಏಳೂದು, ತಳಗ ಢಂ ಅನ್ನೂದು. ಬಾಳವ್ವ ಮತ್ತ ಗೌಂಡಿ ಮಾತು ತಗದ್ಲು. ಒಳಗ ಟೊಳ್ಳಾಗೇತ್ರಿ, ಕೇಳ್ರಿ ಆ ಸಪ್ಪಳಾ ಅಂದ್ಲು. ಅಡಿವೆಪ್ಪನಿಗಿ ಅದು ಓಂಕಾರ ಕೇಳಿಸಿತು. ಶ್ರಾವಣ ಮುಗೀಲಿ, ಆಮ್ಯಾಲ ನೋಡೂಣು ಅಂದ.

ಶ್ರಾವಣದ ಮುಂಚಿನ ದಿನಾ ಹಗೇವು ತಗಿಯೂ ಪದ್ಧತಿ. ಊರ ಮಂದಿ ಬಾಗಲಕ್ಕ ಬಂದು ಕುಂತ್ರು. ಮಠಕ್ಕ ಒಯ್ಯೂ ಗಾಡಿ ಸಿಂಗಾರ ಆಗಿ ನಿಂತಿದ್ವು. ಅಡಿವೆಪ್ಪ ಹೊಸ ರುಂಬಾಲ ಸುತ್ತಿ ಕಾಯಿ ಒಡದ. ಮೂಲ್ಯಾಗಿನ ಮಣ್ಣು ಕೆತ್ತಿ ಬಾಯಿಗಲ್ಲು ಸರಸಿದ್ರು.

ಪ್ರತಿ ವರ್ಷ ಆ ಬಾಯಿಂದ ಬೆಚ್ಚಗ ಜ್ವಾಳದ ವಾಸನಿ ಬರತಿತ್ತು. ಅವತ್ತ ಮಂದಿ ಧೋತರದ ಚುಂಗಿಲೆ ಮೂಗು ಮುಚ್ಚಿಕೊಂಡ್ರು.

ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಕಾದ್ರು. ಕಂದೀಲು ಇಳಿಬಿಟ್ರು, ಆರಿತು. ಮತ್ತ ಕಾದ್ರು. ಕಂದೀಲು ಆರದಂಗ ನಿಂತಮ್ಯಾಲ ಸಕ್ರೆಪ್ಪ ನಡಕ್ಕ ಹಗ್ಗಾ ಕಟಗೊಂಡು ಇಳದ. ಆ ಬಾಯಾಗ ಹಿಡಿಯೂ ಮನಿಷ್ಯಾ ಅವನೊಬ್ಬನ, ಹಂಗಾಗಿ ವರ್ಷಾ ಅವನ ಇಳಿತಿದ್ದ.

ಮ್ಯಾಲ ಬಂದಾಗ ಕೈಯಾಗ ಒಂದು ಕರೀ ಹೆಂಟಿ ಇತ್ತು. ಜ್ವಾಳ ಮೊಳಕಿ ಒಡದು, ಕೊಳತು, ಒಂದಕ್ಕೊಂದು ಅಂಟಿ ಸಗಣಿ ಆಗಿತ್ತು. ನಡುಕಲ್ಲಿನ ತಳದಿಂದ ಕೆಳಗಿನತನಕ ಹಿಂಗ ಐತಿ ಅಂತ ಕೈ ಮಾಡಿ ತೋರಿಸಿದ. ಹೆಂಟಿ ಅಡಿವೆಪ್ಪನ ಮುಂದ ಇಟ್ಟು, ಹಗ್ಗಾ ಬಿಚ್ಚಿ, ಮನಿಗಿ ಹ್ವಾದ.

ಸಕ್ರೆಪ್ಪ ಒಂದು ಮಾತು ಚುಚ್ಚಿದ್ರ ಚಲೋ ಇತ್ತು. ಚುಚ್ಚಲಿಲ್ಲ. ಅದ ಭಾಳ ಚುಚ್ಚಿತು.

ಅಡಿವೆಪ್ಪ ಕಲ್ಲಿನ ಮ್ಯಾಲ ಕುಂತುಬಿಟ್ಟ. ಮಂದಿ ಎದ್ದು ಹೋಗಾಕ ಹತ್ತಿದ್ರು. ಈ ವರ್ಷ ಮಠದಾಗ ಒಲಿ ಹತ್ತಂಗಿಲ್ಲ ಅಂತ ಯಾರೋ ಅಂದದ್ದು ಕಿವಿಗಿ ಬಿತ್ತು.

ಬಿದ್ದದ್ದ ತಡ, ಎದ್ದ. ರುಂಬಾಲ ಬಿಗಿ ಮಾಡಿದ. ಹತ್ತಿ ಮಾರಿ ಇಟ್ಟಿದ್ದ ರೊಕ್ಕದ ಗಂಟು ಬಗಲಾಗ ಇಟಗೊಂಡ. ಸಿಂಗಾರ ಆಗಿ ನಿಂತ ಗಾಡಿ ಪ್ಯಾಟಿ ಕಡೆ ತಿರುಗಿಸಿದ. ಅಡತಿ ಅಂಗಡ್ಯಾಗ ಜ್ವಾಳದ ಚೌಕಾಸಿ ಮಾಡಲಿಲ್ಲ, ಕೇಳಿದಷ್ಟು ಎಣಿಸಿ ಕೊಟ್ಟ. ಮರುದಿನಾ ಮಠದಾಗ ಹಂಚು ಕಾಯೂದ್ರಾಗ ಚೀಲಾ ಬಂದು ಇಳದಿದ್ವು. ಅಂಥಾ ಗಂಡಸು ಅಡಿವೆಪ್ಪ. ತಪ್ಪು ಮಾಡಿದ್ರೂ ಊರ ಒಲಿ ಆರಗೊಡಲಿಲ್ಲ.

ಎಷ್ಟು ಕೊಟ್ಟ ಅಂತ ಮಾತ್ರ ಯಾರಿಗೂ ಹೇಳಲಿಲ್ಲ. ಬಾಳವ್ವ ಕೇಳಿದ್ಲು, ಆಕಿಗೂ ಹೇಳಲಿಲ್ಲ. ಹೊಟ್ಟ್ಯಾಗ ಇಟಗೊಂಡ.

ಅಜ್ಜಾರು ಬಂದು ಪಂಕ್ತ್ಯಾಗ ಕುಂತ್ರು. ರೊಟ್ಟಿ ಮುರದ್ರು.

"ಯಾರ ಮನೀ ಜ್ವಾಳ?"

ಪಂಕ್ತಿ ಕೈಯೆಲ್ಲಾ ನಿಂತ್ವು.

"ಪ್ಯಾಟೀದ್ರಿ," ಅಂದ ಅಡಿವೆಪ್ಪ. ಆ ಒಂದು ಮಾತು ಆಡಾಕ ಅವನಿಗಿ ಎಷ್ಟು ತ್ರಾಸಾತು ಅಂತ ಅವನಿಗ ಗೊತ್ತು.

ಅಜ್ಜಾರು ತುತ್ತು ನುಂಗಿದ್ರು. "ಎಷ್ಟು ರೊಕ್ಕಾ ಹೋತು?"

ಅಡಿವೆಪ್ಪ ಸುತ್ತಮುತ್ತ ನೋಡಿದ. ಬಗ್ಗಿ ಅಜ್ಜಾರ ಕಿವ್ಯಾಗ ಹೇಳಿದ.

ಅಜ್ಜಾರು ತಲಿ ಅಲ್ಲಾಡಿಸಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ್ರು.

ಶ್ರಾವಣ ಮುಗದ ಮರುದಿನಾನ ಅಡಿವೆಪ್ಪ ಕಬ್ಬಿಣದ ಹಾರಿ ತಗೊಂಡ. ನಡುಕಲ್ಲು ಎಬ್ಬಿಸಿದ್ರ ತಳಗ ಮಣ್ಣ ಇಲ್ಲ, ಎಲ್ಲಾ ಕೊಚ್ಚಿ ಹಗೇವಿಗಿ ಇಳದೈತಿ. ಕಲ್ಲು ಬರೇ ಸುತ್ತಲಿನ ಕಲ್ಲಿನ ಆಧಾರದಾಗ ನಿಂತಿತ್ತು. ಒಂದು ಕಲ್ಲಿಗಿ ಕೈ ಹಚ್ಚಿದ್ರ ಪಡಸಾಲಿ ಪೂರಾ ಕಿತ್ತಬೇಕಾತು. ಹಗೇವಿನ ಕೊಳಕು ತಗಿಯಬೇಕಾತು, ಬೆಂಕಿ ಹಾಕಿ ಒಣಗಿಸಬೇಕಾತು, ಗರಸು ಹಾಕಿ ಬಡಿಬೇಕಾತು. ಒಂದು ಬುಟ್ಟಿ ಗಚ್ಚಿನ ಕೆಲಸ ದೀಪಾವಳಿತನಕ ಎಳೀತು. ನಡುಕಲ್ಲು ಎರಡು ಹೋಳಾತು. ಎರಡೂ ಹೋಳು ಜೋಡಿಸಿ ನಡುವ ಗಚ್ಚು ತುಂಬಿದ್ರು. ಈಗ ನಿಂತು ನೋಡ್ರಿ, ಆನಿ ಕುಣದ್ರೂ ಆ ನೆಲ ಜಗ್ಗಂಗಿಲ್ಲ.

ನೆಲ ಗಟ್ಟಿ ಆದ ಕೂಡಲೆ ಅಡಿವೆಪ್ಪನ ಎದಿ ಮತ್ತ ಉಬ್ಬಿತು. ಮನಿಮನಿಗಿ ಹೋಗಿ ಬುದ್ಧಿ ಹೇಳಾಕ ಹತ್ತಿದ. ನೆಲ ಬಿರಕು ಬಿಟ್ರ ಅವತ್ತ ಮುಚ್ಚರಿ, ನಾಳಿ ಅನಬ್ಯಾಡ್ರಿ ಅಂತಿದ್ದ. ವಚನ ಹೇಳಿದ, ಗಾದಿ ಹೇಳಿದ, ದೇವರ ಆಣಿ ಹಾಕಿದ. ಮಂದಿ ಹೂಂ ಹೂಂ ಅಂದು ಚಾ ಕೊಟ್ಟು ಕಳಿಸಿದ್ರು. ಸಕ್ರೆಪ್ಪನ ಮನಿ ಅಡಗಿ ಕೋಣ್ಯಾಗ ಹೆಗ್ಗಣ ತೂತು ಕೊರದು ನೆಲ ಕುಸಿದಿತ್ತು. ಸುಗ್ಗಿ ಆಗಲಿ ಅಣ್ಣ, ಗಡಬಡಿ ಏನೈತಿ ಅಂದ ಸಕ್ರೆಪ್ಪ, ತೂತಿನ ಮ್ಯಾಲ ಕುಂದರೂ ಮಣಿ ಇಟ್ಟ.

ಸೋಮವಾರ ಅಜ್ಜಾರು ಭಿಕ್ಷಾಕ್ಕ ಬಂದಾಗ ಪಡಸಾಲಿ ತುಂಬ ಮಂದಿ ಇತ್ತು. ಸಕ್ರೆಪ್ಪನೂ ಇದ್ದ, ಬಾಳವ್ವನೂ ಬಾಗಲ ಹಿಡಕೊಂಡು ನಿಂತಿದ್ಲು.

"ಅಜ್ಜಾರ," ಅಂದ ಅಡಿವೆಪ್ಪ, "ಹೇಳಿ ಹೇಳಿ ಬಾಯಿ ಹರೀತು. ಒಬ್ಬನೂ ಕೇಳವಲ್ಲ. ಎದಿಗಿ ನಾಟೂ ಅಂಥಾ ಒಂದು ಮಂತ್ರ ಕೊಡ್ರಿ."

"ಕೊಟ್ರ ಎಲ್ಲಾರ ಮುಂದ ಹೇಳತೀಯೇನು?"

"ಹೊಳಿ ಆಚಿಗಿ ಕೇಳೂವಂಗ ಹೇಳತೀನ್ರಿ."

ಮಂತ್ರ ಕಿವ್ಯಾಗ ಕೊಡೂದು ಪದ್ಧತಿ. ಅಡಿವೆಪ್ಪ ರುಂಬಾಲ ತಗದು, ಕೈ ಮುಗದು, ಬಗ್ಗಿ ಕಿವಿ ಕೊಟ್ಟ. ಅಜ್ಜಾರು ಅವನ ಕಿವಿ ಬಿಟ್ಟು ಮಂದಿ ಕಡೆ ತಿರುಗಿದ್ರು. ಪಡಸಾಲಿ ತುಂಬ ಕೇಳೂವಂಗ ಅಂದ್ರು:

"ಮೂರು ಸಾವಿರದ ಎರಡನೂರಾ ಹದಿನೇಳು ರೂಪಾಯಿ ಎಂಟಾಣೆ."